ಆರ್ಕೈವ್ ಮಾಡಿದರೆ ಜಾಗ ಖಾಲಿಯಾಗುವುದಿಲ್ಲ, ದಯವಿಟ್ಟು ಗಮನಿಸಿ

ಕಳೆದ ತಿಂಗಳು ನನ್ನ ಜಿಮೇಲ್‌ನಲ್ಲಿದ್ದ ಅಪ್ಪನ ಮೇಲ್‌ಗಳೆಲ್ಲ ಹೋದವು. ಅಳಿಸಿದ್ದು ನಾನೇ. ನಿಮ್ಮ ಮನೆಯಲ್ಲಿ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಇದ್ದಾಗ ಕ್ಯಾತ್ಸಂದ್ರದ ಜೆರಾಕ್ಸ್ ಅಂಗಡಿಯಲ್ಲಿ ಹಳೇ ಫೋಟೊ, ಜಮೀನಿನ ಕಾಗದ ಎಲ್ಲ ಸ್ಕ್ಯಾನ್ ಮಾಡಿಸಿ ನನಗೆ ಕಳಿಸಿದ್ದರು. ಸಿದ್ಧಗಂಗೆ ದನಗಳ ಜಾತ್ರೆಯಲ್ಲಿ ಅಜ್ಜಿ ನಮ್ಮ ಹೋರಿಗಳ ಪಕ್ಕ ನಿಂತಿದ್ದ ಫೋಟೊ ಅದರಲ್ಲೇ ಇತ್ತು. ಊರ ಮನೆ ಸೋರಿ ಮೂಲ ಫೋಟೊಗಳು ಹಾಳಾದಾಗಲೂ, ಮೇಲ್‌ನಲ್ಲಿ ಇದೆಯಲ್ಲ ಅಂತ ಧೈರ್ಯವಿತ್ತು.

ಆಮೇಲೆ 'ಸ್ಟೋರೇಜ್ ತುಂಬಿದೆ' ಅಂತ ಬಂತು. ಆರ್ಕೈವ್ ಅಂದರೆ ಹಳೇ ಸಾಮಾನು ಅಟ್ಟಕ್ಕೆ ಹಾಕಿದ ಹಾಗೆ, ಕೆಳಗೆ ಜಾಗವಾಗುತ್ತದೆ ಅಂದುಕೊಂಡೆ. ಸಾವಿರಾರು ಮೇಲ್ ಆರ್ಕೈವ್ ಮಾಡಿದೆ. ಒಂದು ಎಂಬಿಯೂ ಕಡಿಮೆಯಾಗಲಿಲ್ಲ. ಆರ್ಕೈವ್ ಮಾಡಿದ ಮೇಲ್ ಇನ್‌ಬಾಕ್ಸ್‌ನಲ್ಲಿ ಕಾಣಿಸುವುದಿಲ್ಲ, ಅಷ್ಟೇ. 'ಆಲ್ ಮೇಲ್' ಒಳಗೆ ಹಾಗೇ ಕೂತು ಅಷ್ಟೇ ಜಾಗ ತಿನ್ನುತ್ತದೆ.

ಎರಡು ದಿನ ಬಿಟ್ಟು ಮಗಳ ಕಾಲೇಜಿಂದ ಫೋನ್ ಬಂತು. "ಹಾಸ್ಟೆಲ್ ಫಾರಂ ಕಳಿಸಿದ್ರೆ ವಾಪಸ್ ಬರ್ತಿದೆ ಮೇಡಂ. ನಾಳೆನೇ ಕೊನೇ ದಿನ." ಜಾಗ ತುಂಬಿದ ಮೇಲೆ ಬರುವ ಮೇಲ್ ಕಳಿಸಿದವರಿಗೇ ಹಿಂದಿರುಗುತ್ತದೆ. ಯಾವುದು ಹಿಂದಿರುಗಿತು ಅಂತ ನಮಗೆ ತಿಳಿಯುವುದೂ ಇಲ್ಲ.

ಗಾಬರಿಯಲ್ಲಿ ಕೂತೆ. 10 ಎಂಬಿಗಿಂತ ದೊಡ್ಡ ಮೇಲ್ ಹುಡುಕಿದೆ, ಎಲ್ಲ ಆಯ್ದು ಡಿಲೀಟ್ ಒತ್ತಿದೆ. ಟ್ರ್ಯಾಶ್‌ನಲ್ಲಿರುವುದೂ ಲೆಕ್ಕಕ್ಕೆ ಬರುತ್ತದೆ ಅಂತ ಓದಿದ್ದೆ. ಅದನ್ನೂ ಖಾಲಿ ಮಾಡಿದೆ. ಸುಮ್ನೆ ಬಿಟ್ಟಿದ್ದರೆ ಅಲ್ಲಿ 30 ದಿನ ಇರುತ್ತಿತ್ತು. ಫಾರಂ ಬಂತು, ತುಂಬಿ ಕಳಿಸಿದೆವು. ಅಪ್ಪನ ಮೇಲ್ ನೆನಪಾಗಿದ್ದು ರಾತ್ರಿ ಮಲಗಿದ ಮೇಲೆ.

ಹೊಟ್ಟೆ ಉರಿಯುವುದು ಇದಕ್ಕೆ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಬರೀ ಜಿಮೇಲ್‌ಗಲ್ಲ. ಡ್ರೈವ್, ಫೋಟೋಸ್, ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಎಲ್ಲ ಅದರಲ್ಲೇ. ಆಮೇಲೆ ಯಾವುದು ಎಷ್ಟು ಜಾಗ ತಿಂದಿದೆ ಅಂತ ತೋರಿಸುವ ಗೂಗಲ್ ಒನ್‌ನಲ್ಲಿ ನೋಡಿದರೆ ನನ್ನ ಮೇಲ್‌ಗಳೆಲ್ಲ ಸೇರಿ 3 ಜಿಬಿಯೂ ಇರಲಿಲ್ಲ. ಜಾಸ್ತಿ ತಿಂದಿದ್ದು ಫೋನಿನ ವಿಡಿಯೋಗಳು ಮತ್ತು ವಾಟ್ಸಾಪ್‌ನ ಶುಭೋದಯದ ವಿಡಿಯೋಗಳು. ವಾಟ್ಸಾಪ್ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೋ ಬೇಡ ಅಂದು ಮತ್ತೊಮ್ಮೆ ಬ್ಯಾಕಪ್ ಮಾಡಿದ್ದರೆ ಸಾಕಿತ್ತು, ಅಪ್ಪನ ಒಂದು ಮೇಲ್ ಕೂಡ ಮುಟ್ಟಬೇಕಿರಲಿಲ್ಲ.

ಆದ್ದರಿಂದ ಮೊದಲು ಯಾವುದು ಎಷ್ಟು ತಿಂದಿದೆ ಅಂತ ನೋಡಿ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಫೋನಿನಲ್ಲಿರುವುದೂ ಹೋಗುತ್ತದೆ, ಅಲ್ಲೂ ಆತುರ ಬೇಡ. ಮೇಲ್‌ಗಳನ್ನು ಗೂಗಲ್ ಟೇಕ್‌ಔಟ್‌ನಿಂದ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಬರುವುದು ಎಂಬಾಕ್ಸ್ ಎನ್ನುವ ಫೈಲ್, ಅದನ್ನು ಥಂಡರ್‌ಬರ್ಡ್ ಸಾಫ್ಟ್‌ವೇರ್‌ಗೆ ಸೇರಿಸಿ ಓದಬಹುದು. ಒಂದೆರಡು ಮೇಲ್ ತೆರೆದು, ಫೋಟೊ ಕಾಣುತ್ತಿದೆ ಅಂತ ಕಣ್ಣಾರೆ ನೋಡಿದ ಮೇಲೆ ಅಳಿಸಿ. ಮನೆಯವರು ಕಳಿಸಿದ್ದನ್ನು ಪೆನ್‌ಡ್ರೈವ್‌ಗೂ ಹಾಕಿ ಇನ್ನೊಬ್ಬರ ಕೈಗೆ ಕೊಟ್ಟಿಡಿ.

ಪಹಣಿ ನಾಡಕಚೇರಿಯಲ್ಲಿ ಮತ್ತೆ ಸಿಕ್ಕಿತು. ಗುಬ್ಬಿಯ ತಂಗಿಗೂ ಅಪ್ಪ ಕೆಲವು ಫೋಟೊ ಕಳಿಸಿದ್ದರಂತೆ. ಅವಳು ಹುಡುಕಿ ಎರಡು ಕಳಿಸಿದಳು. ಅಜ್ಜಿಯದು ಅದರಲ್ಲಿ ಇರಲಿಲ್ಲ.