ಗ್ರೀನ್‌ನಿಂದ ಹಿಂದಕ್ಕೆ: ಐದು ದುಬಾರಿ ಗಾಲ್ಫ್ ಚೆಂಡುಗಳ ಪರೀಕ್ಷೆ

ಟೀ ಎಂಬ ಪುಟ್ಟ ಗೂಟದ ಮೇಲೆ ಚೆಂಡಿಟ್ಟು, ದೂರದ ಹೊಡೆತದ ಕೋಲಾದ ಡ್ರೈವರ್ ಬೀಸಿ, ಯಾವುದು ದೂರ ಹೋಯಿತೋ ಅದೇ ಒಳ್ಳೆಯ ಚೆಂಡು ಎಂದು ತೀರ್ಮಾನಿಸುವವರೇ ಹೆಚ್ಚು. ನನ್ನ ಜೊತೆ ಆಡುವವರೆಲ್ಲರದೂ ಇದೇ ಪದ್ಧತಿ. ನಾನು ಇದನ್ನು ಪೂರ್ತಿ ತಿರುಗಿಸಿದೆ. ಮೊದಲು ಗ್ರೀನ್‌ನ (ರಂಧ್ರದ ಸುತ್ತಲಿನ ನುಣುಪು ಹುಲ್ಲಿನ) ಅಂಚು, ಆಮೇಲೆ ನಡುದೂರದ ಕೋಲಾದ ಐರನ್, ಕಟ್ಟಕಡೆಗೆ ಡ್ರೈವರ್. ಹದಿನೆಂಟು ಹೋಲ್‌ಗಳ ಆಟದಲ್ಲಿ ಡ್ರೈವರ್‌ಗೆ ಸಾಮಾನ್ಯವಾಗಿ ಹದಿನಾಲ್ಕು ಸಲಕ್ಕಿಂತ ಹೆಚ್ಚು ಕೆಲಸವಿರುವುದಿಲ್ಲ. ಹದಿನೇಳು ಹ್ಯಾಂಡಿಕ್ಯಾಪ್‌ನ, ಅಂದರೆ ಸಾಧಾರಣ ಮಟ್ಟದ ಆಟಗಾರ್ತಿಯಾದ ನಾನು ಗ್ರೀನ್ ಮುಟ್ಟುವುದಕ್ಕಿಂತ ತಪ್ಪಿಸುವುದೇ ಜಾಸ್ತಿ. ನನ್ನ ಸ್ಕೋರ್ ಉಳಿಯುವುದೂ ಕೆಡುವುದೂ ಕೊನೆಯ ಐವತ್ತು ಗಜಗಳಲ್ಲಿ.

ನನ್ನ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು: ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ವರ್ನಿಯರ್, ಸಣ್ಣ ತಕ್ಕಡಿ, ಕಿವಿಗೆ ತುರುಕುವ ಪ್ಲಗ್ ಇನ್ನೂ ಮೇಜಿನ ಡ್ರಾಯರ್‌ನಲ್ಲೇ ಇವೆ. ಡ್ರೈವರ್ ಬೀಸುವ ವೇಗ ಗಂಟೆಗೆ ಸುಮಾರು 80 ಮೈಲಿ. ಟೂರ್ ಎಂಬ ವೃತ್ತಿಪರ ಪಂದ್ಯಮಾಲೆಯ ಆಟಗಾರರ ವೇಗದಲ್ಲಿ ಹೊಡೆಯುವವರು ಈ ವಿಮರ್ಶೆಯ ಐರನ್ ಭಾಗವನ್ನು ಸ್ವಲ್ಪ ಅನುಮಾನದಿಂದಲೇ ಓದಿಕೊಳ್ಳಲಿ.

ಪರೀಕ್ಷೆಗೆ ತೆಗೆದುಕೊಂಡದ್ದು ಟೈಟಲಿಸ್ಟ್ ಪ್ರೊ ವಿ1, ಪ್ರೊ ವಿ1ಎಕ್ಸ್, ಟೇಲರ್‌ಮೇಡ್ ಟಿಪಿ5, ಕ್ಯಾಲವೇ ಕ್ರೋಮ್ ಟೂರ್ ಮತ್ತು ಸ್ರಿಕ್ಸನ್ ಝಡ್-ಸ್ಟಾರ್ ಎಕ್ಸ್‌ವಿ. ಐದಕ್ಕೂ ಯುರೆಥೇನ್ ಎಂಬ ಮೆದು ಪ್ಲಾಸ್ಟಿಕ್‌ನ ಹೊದಿಕೆ. ಒಳಗಿನ ಕಟ್ಟಡ ಮಾತ್ರ ಬೇರೆ ಬೇರೆ: ಪ್ರೊ ವಿ1 ಮೂರು ಪದರದ್ದು, ಪ್ರೊ ವಿ1ಎಕ್ಸ್ ಮತ್ತು ಎಕ್ಸ್‌ವಿ ಎರಡು ಪದರದ ತಿರುಳಿರುವ ನಾಲ್ಕು ಪದರದವು, ಟಿಪಿ5 ಐದು ಪದರದ್ದು. ಇವುಗಳ ಪಕ್ಕಕ್ಕೆ ಎರಡು ಹೊರಗಿನವನ್ನೂ ಸೇರಿಸಿದೆ. ಒಂದು ಅಯಾನೊಮರ್ ಎಂಬ ಗಡುಸು ಪ್ಲಾಸ್ಟಿಕ್ ಹೊದಿಕೆಯ ಅಗ್ಗದ ಎರಡು ಪದರದ ಚೆಂಡು, ಇನ್ನೊಂದು ಮೆತ್ತನೆಯದೆಂದೇ ಜಾಹೀರಾತಾಗುವ ಕಡಿಮೆ ಕಂಪ್ರೆಶನ್‌ನ, ಅಂದರೆ ಸುಲಭವಾಗಿ ಕುಗ್ಗುವ ಚೆಂಡು. ಅವುಗಳ ಹೆಸರು ಹೇಳುವುದಿಲ್ಲ. ಅವು ಬಂದದ್ದು ಸಾಕ್ಷಿ ಹೇಳುವುದಕ್ಕೆ.

ಅಳತೆಯಿಂದ ಶುರು ಮಾಡಿದೆ, ಹಳೆಯ ಅಭ್ಯಾಸ ಬಿಡಬೇಕಲ್ಲ. ನಿಯಮದ ಪ್ರಕಾರ ಚೆಂಡಿನ ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು. ಅಂದರೆ ಚಿಕ್ಕದಾಗುವಂತಿಲ್ಲ, ಭಾರವಾಗುವಂತಿಲ್ಲ. ಗಾಳಿಯನ್ನು ಸೀಳಿಕೊಂಡು ಹೋಗಲು ಚಿಕ್ಕ, ಭಾರದ ಚೆಂಡೇ ಅನುಕೂಲವಾದ್ದರಿಂದ ತಯಾರಕರೆಲ್ಲ ಈ ಎರಡು ಗೆರೆಗಳ ಹತ್ತಿರಕ್ಕೇ ಬಂದು ನಿಲ್ಲುತ್ತಾರೆ. ಐದರಲ್ಲಿ ಒಂದೂ ಗೆರೆ ದಾಟಿರಲಿಲ್ಲ.

ಆಮೇಲೆ ಉಪ್ಪುನೀರು. ಮೇಲಿನ ಎರಡು ಅಂಕಿಗಳಿಂದ ಲೆಕ್ಕ ಹಾಕಿದರೆ ಚೆಂಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.13 ಗ್ರಾಂ. ಸಮುದ್ರದ ನೀರಿನದು 1.03ರ ಆಸುಪಾಸು, ಹಾಗಾಗಿ ಸಮುದ್ರಕ್ಕೆ ಬಿದ್ದ ಚೆಂಡೂ ಮುಳುಗುತ್ತದೆ. ತೇಲಿಸಬೇಕೆಂದರೆ ನಾಲ್ಕು ಪಾಲು ನೀರಿಗೆ ತೂಕದಲ್ಲಿ ಒಂದು ಪಾಲು ಉಪ್ಪು ಬೇಕು. ತೇಲುವ ಚೆಂಡನ್ನು ಬೆರಳಿಂದ ತಿರುಗಿಸಿ ಬಿಡಬೇಕು. ಪ್ರತಿ ಸಲವೂ ಒಂದೇ ಮುಖ ಮೇಲೆ ಬಂದರೆ ತೂಕ ಒಂದು ಕಡೆ ಹೆಚ್ಚಾಗಿದೆ ಎಂದರ್ಥ, ಅಂಥದ್ದು ಪಟ್ ಮಾಡುವಾಗ, ಅಂದರೆ ಗ್ರೀನ್ ಮೇಲೆ ರಂಧ್ರದತ್ತ ಉರುಳಿಸುವಾಗ, ಗೆರೆ ಬಿಟ್ಟು ಹೊರಳೀತು. ನನ್ನ ಪಾತ್ರೆಯಲ್ಲಿ ಹಟ ಹಿಡಿದು ಒಂದೇ ಮುಖ ತೋರಿಸಿದ್ದು ಅಗ್ಗದ ಚೆಂಡುಗಳಲ್ಲಿ ಒಂದು ಮಾತ್ರ. ಆದರೂ ಹದಿನೇಳು ಹ್ಯಾಂಡಿಕ್ಯಾಪ್‌ನ ಪಟ್‌ಗೆ ಇದರಿಂದ ಎಷ್ಟು ನಷ್ಟವೆಂದು ಕೇಳಿದರೆ ನಗು ಬರುತ್ತದೆ. ನನ್ನ ಕೈಯ ವಕ್ರತೆಯ ಮುಂದೆ ಚೆಂಡಿನ ವಕ್ರತೆ ಯಾವ ಲೆಕ್ಕ.

ನಿಜವಾದ ಪರೀಕ್ಷೆ ಮೂವತ್ತು ಗಜದ ಪಿಚ್, ಅಂದರೆ ಗ್ರೀನ್‌ಗೆ ಎತ್ತಿ ಹಾಕುವ ಸಣ್ಣ ಹೊಡೆತ. ಗ್ರೀನ್ ಮೇಲೆ ಟವೆಲ್ ಹಾಸಿ, ಅಲ್ಲಿ ಬೀಳುವಂತೆ ಹೊಡೆಯುವುದು. ಟವೆಲ್‌ಗೆ ಬಿದ್ದವನ್ನಷ್ಟೇ ಲೆಕ್ಕಕ್ಕೆ ಹಿಡಿದು, ಅಲ್ಲಿಂದ ಎಷ್ಟು ಹೆಜ್ಜೆ ಓಡಿತೆಂದು ಬರೆಯುವುದು. ಚೆಂಡು ಇಡುವ ಕೆಲಸ ಗೆಳತಿಯದು. ಬ್ರ್ಯಾಂಡ್ ಹೆಸರು ಅಡಿಗೆ ಹೋಗುವಂತೆ, ಕ್ರಮ ಬದಲಿಸುತ್ತ, ನನಗೆ ಹೇಳದೆ ಇಡಬೇಕೆಂಬ ಕರಾರು. ಪ್ರತಿ ಹೊಡೆತದ ಮೊದಲು ವೆಡ್ಜ್‌ನ (ಇಂಥ ಹೊಡೆತಕ್ಕೆ ಬಳಸುವ ಓರೆಮುಖದ ಕೋಲು) ಮುಖ ಒಣಬಟ್ಟೆಯಿಂದ ಒರೆಸಲೇಬೇಕು. ಇಬ್ಬನಿಯ ಒಂದು ತೆಳು ಪೊರೆ ಸಾಕು, ಸ್ಪಿನ್, ಅಂದರೆ ಚೆಂಡಿನ ತಿರುಗು, ಅರ್ಧಕ್ಕರ್ಧ ಬಿದ್ದುಹೋಗಬಹುದು. ಆಗ ನೀವು ಪರೀಕ್ಷಿಸುವುದು ಚೆಂಡನ್ನಲ್ಲ, ಇಬ್ಬನಿಯನ್ನು.

ಇಲ್ಲಿ ಹೊದಿಕೆಯದೇ ರಾಜ್ಯಭಾರ. ಡ್ರೈವರ್‌ನ ಏಟು ಚೆಂಡಿಗೆ ಹೆಚ್ಚುಕಡಿಮೆ ನೇರವಾಗಿ ಬೀಳುತ್ತದೆ, ತಿರುಳು ಕುಗ್ಗಿ ಹಿಗ್ಗುತ್ತದೆ. ವೆಡ್ಜ್‌ನ ಏಟು ಓರೆ. ಮೆದುವಾದ ಯುರೆಥೇನ್ ಒಂದು ಕಡೆ ಕ್ಲಬ್‌ನ (ಕೋಲಿನ) ಮುಖದ ಗೀರುಗಳು, ಇನ್ನೊಂದು ಕಡೆ ತನ್ನ ಕೆಳಗಿನ ಗಡುಸು ಪದರ, ಇವೆರಡರ ನಡುವೆ ಸಿಕ್ಕಿ ಹಿಡಿತ ಕಚ್ಚುತ್ತದೆ. ಚೆಂಡು ತಗ್ಗಾಗಿ ಹೊರಟು, ಜೋರಾಗಿ ಹಿಂದಕ್ಕೆ ತಿರುಗುತ್ತ ಹೋಗುತ್ತದೆ. ಅಯಾನೊಮರ್ ಹೊದಿಕೆ ಗಡುಸು, ಗೀರುಗಳು ಕಚ್ಚುವುದಿಲ್ಲ. ಅದು ಒದ್ದೆ ಸೋಪಿನಂತೆ ಮುಖದ ಮೇಲೆ ಜಾರಿ, ಎತ್ತರಕ್ಕೆ ಏರಿ, ಸ್ಪಿನ್ ಇಲ್ಲದೆ ಇಳಿಯುತ್ತದೆ. ನೋಡುವುದಕ್ಕೆ ಎತ್ತರದ ಹೊಡೆತವೇ ಚೆಂದ, ನಿಲ್ಲುವುದು ತಗ್ಗಿನದು.

ಟವೆಲ್ ಕಡೆ ನೋಡಿದರೆ ಸಾಕು, ಹೆಸರು ನೋಡುವ ಅಗತ್ಯವೇ ಬೀಳಲಿಲ್ಲ. ಯುರೆಥೇನ್ ಚೆಂಡುಗಳು ಮೊದಲ ಪುಟಿತದಲ್ಲಿ ಮುಂದೆ ಹಾರಿ, ಎರಡನೆಯದರಲ್ಲಿ ಯಾರೋ ಹಿಂದಿನಿಂದ ಹಿಡಿದೆಳೆದರೆಂಬ ಹಾಗೆ ತಡೆಯುತ್ತಿದ್ದವು. ಅಗ್ಗದ ಚೆಂಡು ಬಿದ್ದದ್ದೇ ಓಟ ಕಿತ್ತಿತು, ಸಾಮಾನ್ಯವಾಗಿ ಮೂರು ನಾಲ್ಕು ಹೆಜ್ಜೆ ಹೆಚ್ಚು. ಅದು ಒಂದು ಪಟ್‌ನಲ್ಲಿ ಮುಗಿಯುವುದಕ್ಕೂ ಎರಡು ಬೇಕಾಗುವುದಕ್ಕೂ ಇರುವ ಅಂತರ. ಐದು ದುಬಾರಿ ಚೆಂಡುಗಳ ನಡುವೆ ಮಾತ್ರ ವ್ಯತ್ಯಾಸ ಕೂದಲೆಳೆ. ಪ್ರೊ ವಿ1ಎಕ್ಸ್ ಮತ್ತು ಟಿಪಿ5 ಬೇಗ ನಿಂತವು. ಪ್ರೊ ವಿ1 ಮತ್ತು ಕ್ರೋಮ್ ಟೂರ್ ಅವುಗಳ ಬೆನ್ನಿಗೇ. ಎಕ್ಸ್‌ವಿ ಅರ್ಧ ಹೆಜ್ಜೆ ಹೆಚ್ಚು ಓಡಿತು. ಈ ಕ್ರಮವನ್ನು ಪ್ರಮಾಣ ಮಾಡಿ ಹೇಳುವಷ್ಟು ನನ್ನ ಕೈ ಸ್ಥಿರವಿಲ್ಲ. ಯುರೆಥೇನ್ ಮತ್ತು ಅಯಾನೊಮರ್ ನಡುವಿನ ಅಂತರವನ್ನಾದರೆ ಯಾರ ಮುಂದಾದರೂ ಪ್ರಮಾಣ ಮಾಡುತ್ತೇನೆ.

ಈಗ ಎಲ್ಲರೂ ಮಾತಾಡುವ ‘ಫೀಲ್’ ವಿಷಯ. ಗಡುಸು, ಮೆದು, ಬೆಣ್ಣೆ, ಕಲ್ಲು, ಅವರವರ ಬಾಯಿಗೆ ಬಂದ ವಿಶೇಷಣ. ಚೆಂಡಿಗೂ ಕ್ಲಬ್‌ಗೂ ಸಂಪರ್ಕವಿರುವುದು ಸುಮಾರು ಅರ್ಧ ಮಿಲಿಸೆಕೆಂಡ್. ಏಟಿನ ಕಂಪನ ಕೈಗೆ ತಲುಪಿ ನಾವು ಅದನ್ನು ಗ್ರಹಿಸುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಹಾಗಾದರೆ ಮೆದು ಎಂದು ಹೇಳುತ್ತಿರುವುದು ಯಾರು? ಫ್ಯಾಕ್ಟರಿಯ ಕಿವಿ ಪ್ಲಗ್ ತುರುಕಿಕೊಂಡು ಪಟ್ ಮಾಡಿದೆ. ಅದಕ್ಕೆ ಮೊದಲು ಕಣ್ಣು ಮುಚ್ಚಿದರೂ ಮೆತ್ತನೆಯ ಚೆಂಡನ್ನು ಗುರುತಿಸುತ್ತಿದ್ದೆ, ಅದರದು ಮಂಕಾದ ಸದ್ದು. ಪ್ಲಗ್ ಹಾಕಿದ ಮೇಲೆ ಅದೂ ಪ್ರೊ ವಿ1ಎಕ್ಸೂ ಒಂದೇ. ಗೆಳತಿಗೂ ಹಾಕಿಸಿದೆ. ಪಟರ್ ಕೆಳಗಿಟ್ಟು, ನಿನ್ನ ಈ ಆಟ ಸಾಕು ಮಾರಾಯ್ತಿ ಎಂದಳು. ಅವಳಿಗೂ ಗೊತ್ತಾಗಿರಲಿಲ್ಲ. ಸದ್ದು ಮುಖ್ಯವಲ್ಲ ಎನ್ನುತ್ತಿಲ್ಲ. ಕಿವಿಗೆ ಹಿತವಾದ ಚೆಂಡಿನಿಂದ ಪಟ್ ಮಾಡಲು ಧೈರ್ಯ ಬರುತ್ತದೆಂದರೆ ಅದೂ ಒಂದು ಗುಣವೇ. ಅದನ್ನು ಹೊದಿಕೆಯ ಹಿಡಿತದೊಂದಿಗೆ ಗೊಂದಲ ಮಾಡಿಕೊಳ್ಳಬಾರದು, ಅಷ್ಟೆ. ಪಟರ್‌ಗೆ ಮೆದುವೆನಿಸುವ ಚೆಂಡು ವೆಡ್ಜ್‌ಗೆ ಜಾರುಬಂಡೆಯಾಗಿರಬಹುದು.

ಏಳನೇ ಐರನ್‌ಗೆ ಬಂದಾಗ ಐದು ಚೆಂಡುಗಳು ಮೊದಲ ಬಾರಿಗೆ ಬೇರೆ ಬೇರೆ ಮುಖ ತೋರಿಸಿದವು. ಪ್ರೊ ವಿ1ಕ್ಕಿಂತ ಪ್ರೊ ವಿ1ಎಕ್ಸ್ ಎತ್ತರಕ್ಕೆ ಹೋಗುತ್ತದೆ, ಸ್ಪಿನ್ ಕೂಡ ಹೆಚ್ಚು. ತಯಾರಕರೂ ಹಾಗೇ ಹೇಳುತ್ತಾರೆ, ನನ್ನ ಕಣ್ಣಿಗೂ ಹಾಗೇ ಕಂಡಿತು. ಮೊದಲಿನದರಲ್ಲಿ 388 ಡಿಂಪಲ್‌ಗಳು (ಮೈಮೇಲಿನ ಪುಟ್ಟ ಗುಳಿಗಳು), ಎರಡನೆಯದರಲ್ಲಿ 348. ಹಾಗೆಂದು ಡಿಂಪಲ್ ಎಣಿಸಿ ಚೆಂಡು ಆರಿಸಲಾಗದು. ಅವುಗಳ ಆಳ, ಅಂಚಿನ ವಾಲು, ಜೋಡಣೆ ಎಲ್ಲ ಸೇರಿ ಕೆಲಸ ಮಾಡುತ್ತವೆ. ಡಿಂಪಲ್ ಮೇಲ್ಮೈಯ ಗಾಳಿಯನ್ನು ಕಲಕಿ, ಅದು ಚೆಂಡಿಗೆ ಇನ್ನಷ್ಟು ಹೊತ್ತು ಅಂಟಿಕೊಂಡು ಹರಿಯುವಂತೆ ಮಾಡುತ್ತದೆ. ಬೆನ್ನ ಹಿಂದಿನ ಎಳೆತ ಕಡಿಮೆಯಾಗುತ್ತದೆ. ಪೂರ್ತಿ ನುಣುಪಾದ ಚೆಂಡು ಅದೇ ಏಟಿಗೆ ಹೆಚ್ಚುಕಡಿಮೆ ಅರ್ಧ ದೂರಕ್ಕೇ ಬಿದ್ದುಬಿಡುತ್ತದೆ.

ನನ್ನಂಥ ನಿಧಾನದ ಸ್ವಿಂಗ್‌ನವರಿಗೆ ಈ ಎತ್ತರವೇ ವರ. ಚೆಂಡು ಕಡಿದಾಗಿ ಇಳಿದರೆ ಮಾತ್ರ ಗ್ರೀನ್ ಮೇಲೆ ನಿಲ್ಲುತ್ತದೆ. ಪ್ರೊ ವಿ1ಎಕ್ಸ್ ಮತ್ತು ಎಕ್ಸ್‌ವಿ ಇಲ್ಲಿ ನನಗೆ ಒದಗಿದವು. ಟಿಪಿ5 ಮಧ್ಯದ ಎತ್ತರದಲ್ಲಿ ಹೋಗಿಯೂ ಸ್ಪಿನ್‌ನಿಂದ ನಿಂತಿತು. ಕ್ರೋಮ್ ಟೂರ್ 2024ರಲ್ಲಿ ಬಂದ ಸಾಲು, ಎದುರು ಗಾಳಿಯಲ್ಲಿ ತಗ್ಗಿನ ನೇರ ಹಾದಿ ಹಿಡಿಯಿತು. ನಿಮ್ಮ ಐರನ್ ಹೊಡೆತ ಈಗಾಗಲೇ ಆಕಾಶಕ್ಕೆ ಏರುತ್ತದಾದರೆ ನನ್ನ ಇಷ್ಟಾನಿಷ್ಟವನ್ನು ಉಲ್ಟಾ ಮಾಡಿ ಓದಿ, ಪ್ರೊ ವಿ1 ಅಥವಾ ಕ್ರೋಮ್ ಟೂರ್‌ನಿಂದ ಶುರು ಮಾಡಿ.

‘ನಿಧಾನ ಸ್ವಿಂಗ್‌ಗೆ ಮೆತ್ತನೆಯ ಚೆಂಡು, ಇಲ್ಲದಿದ್ದರೆ ಅದನ್ನು ಕುಗ್ಗಿಸಲಾಗುವುದಿಲ್ಲ’ ಎಂಬ ಮಾತನ್ನು ಹೆಂಗಸರಿಗೂ ವಯಸ್ಸಾದವರಿಗೂ ಮೂಟೆಗಟ್ಟಲೆ ಹಂಚುತ್ತಾರೆ. ಡ್ರೈವರ್‌ನ ಏಟಿಗೆ ಎಲ್ಲ ಚೆಂಡೂ ಕುಗ್ಗುತ್ತದೆ, ನನ್ನ ಏಟಿಗೂ. ವೇಗ ಹೆಚ್ಚಿದ್ದವರಿಗೆ ಗಡುಸು ಚೆಂಡು ಸ್ಪಷ್ಟವಾಗಿ ಹೆಚ್ಚು ವೇಗ ಕೊಡುತ್ತದೆ. ವೇಗ ಕಡಿಮೆಯಾದಂತೆ ಆ ಲಾಭ ಸಣ್ಣದಾಗುತ್ತದೆಯೇ ಹೊರತು ಮೆತ್ತನೆಯದು ಮುಂದೆ ಹೋಗಿಬಿಡುವುದಿಲ್ಲ. ನನ್ನ ಮೆತ್ತನೆಯ ಚೆಂಡು ಐರನ್‌ನಲ್ಲಿ ಸ್ಪಿನ್ ಕಳೆದುಕೊಂಡು ತಗ್ಗಾಗಿ ಹಾರಿ ಗ್ರೀನ್‌ನ ಹಿಂಬದಿಗೆ ಉರುಳಿಹೋಯಿತು. ಇದೇ ಸಲಹೆ ಇಷ್ಟು ವರ್ಷ ನಮಗೆ ಸಿಕ್ಕಿದ್ದು.

ಡ್ರೈವರ್ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ಗಾಲ್ಫ್‌ನ ನಿಯಮ ಮಾಡುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸಂಸ್ಥೆಗಳ ಯಂತ್ರ ಗಂಟೆಗೆ 120 ಮೈಲಿ ವೇಗದಲ್ಲಿ ಹೊಡೆದಾಗ ಚೆಂಡು 317 ಗಜ, ಅದರ ಮೇಲೆ 3 ಗಜದ ಸಡಿಲಿಕೆ, ಇದನ್ನು ಮೀರುವಂತಿಲ್ಲ. ಪರೀಕ್ಷೆಯ ವೇಗವನ್ನು 125 ಮೈಲಿಗೆ ಏರಿಸಿ ಗಜದ ಮಿತಿಯನ್ನು ಹಾಗೇ ಇಡುವುದಾಗಿ 2023ರ ಡಿಸೆಂಬರ್‌ನಲ್ಲಿ ಘೋಷಿಸಿಯೂ ಆಗಿದೆ, ಅಂದರೆ ಹಗ್ಗ ಇನ್ನಷ್ಟು ಬಿಗಿಯಾಗಲಿದೆ. ಎಲ್ಲರ ತಲೆಯೂ ಒಂದೇ ಸೂರಿಗೆ ತಾಗುತ್ತಿರುವಾಗ ‘ಎಲ್ಲಕ್ಕಿಂತ ದೂರ’ ಎಂಬ ಘೋಷಣೆಗೆ ಜಾಗ ಎಲ್ಲಿದೆ? ಬೀಸುವ ವೇಗ ಒಂದು ಮೈಲಿ ಹೆಚ್ಚಾದರೆ ಎರಡು ಮೂರು ಗಜ ಸಿಗುತ್ತದೆ, ನನ್ನ ಸ್ವಿಂಗ್ ಬೆಳಗಿನಿಂದ ಮಧ್ಯಾಹ್ನಕ್ಕೆ ಅದಕ್ಕಿಂತ ಹೆಚ್ಚು ಬದಲಾಗುತ್ತದೆ. ಐದೂ ಚೆಂಡುಗಳು ಫೇರ್‌ವೇಯಲ್ಲಿ ಒಂದೇ ಗುಂಪಾಗಿ ಬಿದ್ದಿದ್ದವು. ಚೆಂಡಿನ ವೇಗ, ಸ್ಪಿನ್ ತೋರಿಸುವ ಲಾಂಚ್ ಮಾನಿಟರ್ ಯಂತ್ರದ ಮುಂದೆ ಪರೀಕ್ಷಿಸುವವರು ಒಂದು ಮಾತು ವಿಚಾರಿಸಿಕೊಳ್ಳಿ: ಒಳಾಂಗಣದಲ್ಲಿ ಕೆಲವು ಯಂತ್ರಗಳು ಸ್ಪಿನ್ ಅಳೆಯುವುದಿಲ್ಲ, ಅಂದಾಜು ಮಾಡುತ್ತವೆ. ಅಂದಾಜಿನ ಮೇಲೆ ಎರಡು ಚೆಂಡುಗಳನ್ನು ತೂಗುವುದು ವ್ಯರ್ಥ.

ಈ ಐದೂ ಹೆಚ್ಚುಕಡಿಮೆ ಒಂದೇ ಕುಲದವಾಗಿರುವುದಕ್ಕೆ ಕಾರಣ ಹುಡುಕಿದರೆ 2000ದ ಅಕ್ಟೋಬರ್‌ಗೆ ಹೋಗಬೇಕು. ಅಲ್ಲಿಯವರೆಗೆ ಟೂರ್‌ನಲ್ಲಿ ಬಹುಪಾಲು ಆಟಗಾರರು ರಬ್ಬರ್ ದಾರ ಸುತ್ತಿದ ಚೆಂಡುಗಳನ್ನೇ ಆಡುತ್ತಿದ್ದರು. ಹಿಡಿತ ಬೇಕೆಂದರೆ ದೂರ ಬಿಡಬೇಕು, ದೂರ ಬೇಕೆಂದರೆ ಹಿಡಿತ ಬಿಡಬೇಕು. ಲಾಸ್ ವೇಗಸ್‌ನ ಪಂದ್ಯದಲ್ಲಿ ಪ್ರೊ ವಿ1 ಮೊದಲ ಸಲ ಕಾಣಿಸಿಕೊಂಡ ವಾರವೇ 47 ಆಟಗಾರರು ಅದಕ್ಕೆ ಬದಲಾದರು. ಅದನ್ನೇ ಆಡಿದ ಬಿಲ್ಲಿ ಆಂಡ್ರೇಡ್ ಗೆದ್ದ. ಘನ ತಿರುಳು, ಗಡುಸು ನಡುಪದರ, ಮೆದು ಯುರೆಥೇನ್ ಹೊದಿಕೆ ಎಂಬ ಜೋಡಣೆಯನ್ನು ಈಗ ಎಲ್ಲರೂ ತಮ್ಮ ತಮ್ಮ ರೀತಿಯಲ್ಲಿ ಮಾಡುತ್ತಾರೆ.

ಬಾಳಿಕೆ? ಯುರೆಥೇನ್ ಚೆಂಡು ಹೊಸ ವೆಡ್ಜ್‌ನ ಚೂಪು ಗೀರುಗಳಿಗೆ, ಬಂಕರ್‌ನ ಮರಳಿಗೆ ಸಿಕ್ಕರೆ ಸಿಪ್ಪೆ ಏಳುತ್ತದೆ. ಐದರಲ್ಲಿ ಒಂದು ಉಳಿದವಕ್ಕಿಂತ ಬೇಗ ನೂಲು ಬಿಟ್ಟಿತು, ಯಾವುದೆಂದು ಹೇಳಿ ಅದರ ಹೆಸರು ಕೆಡಿಸುವಷ್ಟು ಚೆಂಡುಗಳನ್ನು ನಾನು ನೋಡಿಲ್ಲ. ಉಗುರಿಗೆ ತಾಗುವಷ್ಟು ತರಿಯೆದ್ದ ಚೆಂಡನ್ನು ಅಭ್ಯಾಸದ ಚೀಲಕ್ಕೆ ಹಾಕುತ್ತೇನೆ.

ನಾನು ಉಳಿಸಿಕೊಂಡದ್ದು ಪ್ರೊ ವಿ1ಎಕ್ಸ್. ಐರನ್‌ನ ಎತ್ತರಕ್ಕೆ ಮೊದಲ ಅಂಕ, ಪಿಚ್‌ಗೆ ಎರಡನೆಯದು. ಸದ್ದು ಮಾತ್ರ ನನ್ನ ಕಿವಿಗೆ ಒರಟು, ಅಭ್ಯಾಸವಾಗುತ್ತಿದೆ. ಅದು ಸಿಗದಿದ್ದರೆ ಎಕ್ಸ್‌ವಿ, ಯಾವ ಬೇಸರವೂ ಇಲ್ಲದೆ. ಒಂದು ಸುತ್ತಿನಲ್ಲಿ ಮೂರು ನಾಲ್ಕು ಚೆಂಡು ನೀರಿಗೋ ಪೊದೆಗೋ ಕೊಡುವವರು ಈ ಐದರ ಗೊಡವೆಗೆ ಹೋಗಬೇಡಿ. ಕಡಿಮೆ ಬೆಲೆಗೆ ಸಿಗುವ ಯುರೆಥೇನ್ ಚೆಂಡುಗಳೂ ಇವೆ, ಅವುಗಳಲ್ಲೊಂದನ್ನು ಹಿಡಿದು ಅದನ್ನೇ ಆಡಿ. ಇವತ್ತು ಒಂದು, ನಾಳೆ ಸಿಕ್ಕಿದ್ದು ಎಂದು ಬದಲಿಸುತ್ತಿದ್ದರೆ ಚಿಪ್ (ಗ್ರೀನ್‌ನ ಅಂಚಿನಿಂದ ಹೊಡೆಯುವ ಚಿಕ್ಕ ಹೊಡೆತ) ಎಷ್ಟು ಓಡುತ್ತದೆಂಬ ಅಂದಾಜು ಕೈಗೆ ಹತ್ತುವುದೇ ಇಲ್ಲ.

ಗೆಳತಿ ಟಿಪಿ5 ಹಿಡಿದುಕೊಂಡಿದ್ದಾಳೆ. ಅವಳ ಐರನ್ ನನ್ನದಕ್ಕಿಂತ ಎತ್ತರ, ಚಿಪ್ ಮಾತ್ರ ಯಾವಾಗಲೂ ರಂಧ್ರ ದಾಟಿ ಓಡುತ್ತಿತ್ತು. ಅವಳಿಗೆ ಬೇಕಿದ್ದದ್ದು ಬ್ರೇಕ್, ರೆಕ್ಕೆಯಲ್ಲ.