ಇಮೇಜ್ ಬರೆಯುವ ಮೊದಲು ಮೆಮೊರಿ ಕಾರ್ಡಿನ ಸಾಮರ್ಥ್ಯ ಪರೀಕ್ಷಿಸಿ

ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರಿಗಾಗಿ ಮೆಮೊರಿ ಕಾರ್ಡಿನ ಮೇಲೆ ಆಪರೇಟಿಂಗ್ ಸಿಸ್ಟಮ್ ಇಮೇಜ್ (ಇಡೀ ಸಿಸ್ಟಮನ್ನು ಒಳಗೊಂಡ ಒಂದೇ ಕಡತ) ಬರೆಯುವವರು, ಆ ಕಾರ್ಡಿನಲ್ಲಿ ನಿಜಕ್ಕೂ ಎಷ್ಟು ಜಾಗವಿದೆ ಎಂಬುದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕೆಂದು ಕೋರುತ್ತೇನೆ. ನಾನು ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿದ ಕಾರ್ಡಿನ ಮೇಲೆ 64 ಜಿಬಿ ಎಂದು ಅಚ್ಚಾಗಿತ್ತು. ಒಳಗಿದ್ದದ್ದು 8 ಜಿಬಿಗಿಂತ ತುಸು ಕಡಿಮೆ.

ಇಮೇಜ್ ಬರೆಯುವಾಗ ಈ ಮೋಸದ ಸುಳಿವೇ ಸಿಗಲಿಲ್ಲ. ಡೌನ್‌ಲೋಡ್ ಮಾಡಿದ ಕಡತದ ಚೆಕ್‌ಸಮ್ (ಕಡತ ಕೆಡದೆ ಬಂದಿದೆಯೇ ಎಂದು ತೋರಿಸುವ ಸಂಕೇತ) ತಾಳೆಯಾಯಿತು. ಬರೆಯುವ ತಂತ್ರಾಂಶವು ಬರೆದದ್ದನ್ನು ಮತ್ತೆ ಓದಿ ನೋಡಿ ಎಲ್ಲವೂ ಸರಿಯಿದೆ ಎಂದಿತು. ಅದರ ಮಾತು ಸುಳ್ಳಲ್ಲ. ಇಮೇಜು 8 ಜಿಬಿಗಿಂತ ಚಿಕ್ಕದು, ತಂತ್ರಾಂಶವು ತಾನು ಬರೆದಷ್ಟನ್ನು ಮಾತ್ರ ಪರಿಶೀಲಿಸುತ್ತದೆ. ಆದರೆ ಮೊದಲ ಸಲ ಬೂಟ್ ಆದಾಗ ಸಿಸ್ಟಮ್ ತನ್ನ ಪಾರ್ಟಿಶನ್ನನ್ನು, ಅಂದರೆ ಕಾರ್ಡಿನಲ್ಲಿ ತನಗೆ ಮೀಸಲಾದ ಭಾಗವನ್ನು, ಇಡೀ ಕಾರ್ಡಿಗೆ ಹಿಗ್ಗಿಸಿಕೊಳ್ಳುತ್ತದೆ. ಕಾರ್ಡ್ ಎಷ್ಟು ದೊಡ್ಡದೆಂದು ಹೇಳುವುದು ಅದರೊಳಗಿನ ಕಂಟ್ರೋಲರ್ ಚಿಪ್. ನಕಲಿ ಕಾರ್ಡುಗಳಲ್ಲಿ ಆ ಲೆಕ್ಕವನ್ನೇ ತಿದ್ದಿರುವುದರಿಂದ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಅದನ್ನೇ ನಂಬುತ್ತವೆ. ನಿಜವಾದ ಮೆಮೊರಿಯ ಗಡಿ ದಾಟಿ ಬರೆದ ದತ್ತಾಂಶವು ಕಾಣೆಯಾಗುತ್ತದೆ, ಇಲ್ಲವೇ ಹಳೆಯದರ ಮೇಲೆ ಕೂರುತ್ತದೆ; ಬರೆದಾಯಿತು ಎಂಬ ಉತ್ತರ ಮಾತ್ರ ತಪ್ಪದೆ ಬರುತ್ತದೆ.

ಕೆಲಕಾಲ ಚೆನ್ನಾಗಿಯೇ ನಡೆದ ಮೇಲೆ ಹೊಸ ಕಡತಗಳಲ್ಲಿ ಬರೀ ಸೊನ್ನೆಗಳು ಕಾಣಿಸಿದವು, ಸಿಸ್ಟಮಿನ ತಿರುಳಾದ ಕರ್ನೆಲ್ ಬರೆದಿಡುವ ಲಾಗಿನಲ್ಲಿ ಫೈಲ್ ಸಿಸ್ಟಮ್ ದೋಷಗಳು ತುಂಬಿದವು, ಕೊನೆಗೆ ಬೂಟ್ ಆಗುವುದೇ ನಿಂತಿತು. ಪವರ್ ಸಪ್ಲೈ ಸಾಲದಿದ್ದಾಗಲೂ ಇವೇ ಲಕ್ಷಣಗಳು ಬರುವುದರಿಂದ ಅನುಮಾನ ಅಡಾಪ್ಟರಿನ ಕಡೆಗೆ ಹೋಗುವುದು ಸಹಜ. ಅದನ್ನು ಬದಲಿಸಿ ಇಮೇಜನ್ನು ಹೊಸದಾಗಿ ಬರೆದರೆ ಮತ್ತೆ ಕೆಲಕಾಲ ಎಲ್ಲವೂ ಸರಿ, ಏಕೆಂದರೆ ಮೊದಲ ಕಡತಗಳೆಲ್ಲ ಅಸಲಿ ಜಾಗದಲ್ಲೇ ಕೂತಿರುತ್ತವೆ. ಅಡಾಪ್ಟರ್ ಬದಲಿಸಿದ್ದರಿಂದಲೇ ಸರಿಹೋಯಿತೆಂಬ ಭ್ರಮೆ ಹುಟ್ಟುವುದು ಇಲ್ಲಿಯೇ.

ಪರೀಕ್ಷೆಗೆ ಲಿನಕ್ಸಿನಲ್ಲಿ ಎಫ್3, ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶಗಳಿವೆ. ಇವು ಕಾರ್ಡಿನ ಖಾಲಿ ಜಾಗವನ್ನೆಲ್ಲ ತಮಗೆ ಗೊತ್ತಿರುವ ದತ್ತಾಂಶದಿಂದ ತುಂಬಿ, ಬಳಿಕ ಓದಿ, ಎಷ್ಟು ಉಳಿಯಿತು, ಎಷ್ಟು ಹಾಳಾಯಿತು ಎಂದು ವರದಿ ಕೊಡುತ್ತವೆ. ಕಾರ್ಡ್ ದೊಡ್ಡದಾದಷ್ಟೂ ಹೆಚ್ಚು ಹೊತ್ತು ಬೇಕು. ಅಷ್ಟಕ್ಕೆ ಬೇಸರಪಟ್ಟು ಅರ್ಧಕ್ಕೆ ನಿಲ್ಲಿಸಿದರೆ ಪರೀಕ್ಷೆಗೆ ಅರ್ಥವಿಲ್ಲ. ಇಮೇಜ್ ಬರೆದ ಮೇಲೆ ವಿಂಡೋಸಿಗೆ ಸಾಮಾನ್ಯವಾಗಿ ಕಾಣುವುದು ಚಿಕ್ಕ ಬೂಟ್ ಪಾರ್ಟಿಶನ್ ಮಾತ್ರವಾದ್ದರಿಂದ, ಈ ಕೆಲಸವನ್ನು ಖಾಲಿ ಕಾರ್ಡಿನ ಮೇಲೆ ಮೊದಲೇ ಮುಗಿಸಬೇಕು. ಅಂದಹಾಗೆ, 64 ಜಿಬಿ ಕಾರ್ಡನ್ನು ವಿಂಡೋಸ್ 59ರ ಆಸುಪಾಸು ತೋರಿಸಿದರೆ ಗಾಬರಿ ಬೇಡ: ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.

ವರದಿಯನ್ನು ಕಳುಹಿಸಿದಾಗ ಮಾರಾಟಗಾರರು ಕಾರ್ಡನ್ನು ಫಾರ್ಮ್ಯಾಟ್ ಮಾಡಿ ನೋಡಲು ಹೇಳಿದರು. ಫಾರ್ಮ್ಯಾಟ್ ಮಾಡಿದರೆ ಇಲ್ಲದ ಮೆಮೊರಿ ಹುಟ್ಟುವುದಿಲ್ಲವೆಂದು ವಿವರಿಸಿದ ಮೇಲೆ, ಹಿಂದಿರುಗಿಸುವ ಅವಧಿ ಮುಗಿದಿದೆ ಎಂಬ ಉತ್ತರ ಬಂತು. ಆದ್ದರಿಂದ ಕಾರ್ಡ್ ಕೈಸೇರಿದ ದಿನವೇ ಪರೀಕ್ಷೆ ನಡೆಸಿ, ವರದಿ ಸಿಗುವವರೆಗೆ ಅದರ ಪೊಟ್ಟಣವನ್ನೂ ರಸೀದಿಯನ್ನೂ ಎಸೆಯದೆ ಇಟ್ಟುಕೊಳ್ಳಿ.