ಕ್ವೇಕ್ 2 ರಿಮಾಸ್ಟರ್ ಕೊಳ್ಳಬಹುದಾ? ಬಹಳ ದಿನ ಆಡಿದವನ ಮಾತು

ಕ್ವೇಕ್ 2 ಹಳೆಯ ಶೂಟರ್, ಅಂದರೆ ಗುಂಡು ಹಾರಿಸುವ ವಿಡಿಯೋ ಗೇಮ್; ರಿಮಾಸ್ಟರ್ ಅಂದರೆ ಅದನ್ನೇ ಈಗಿನ ಯಂತ್ರಗಳಿಗೆ ಹೊಸದಾಗಿ ಸಿದ್ಧಮಾಡಿದ ಆವೃತ್ತಿ. ಮೊದಲೇ ಹೇಳಿಬಿಡುತ್ತೇನೆ: ಕೊಳ್ಳಿ. ಆದರೆ ದುಡ್ಡು ಕೊಡುವ ಮುಂಚೆ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ನಿಮ್ಮ ಲೈಬ್ರರಿಯನ್ನು ಒಮ್ಮೆ ತೆರೆದು ನೋಡಿ. ಹಳೆಯ ಕ್ವೇಕ್ 2 ಅಲ್ಲಿದ್ದರೆ ರಿಮಾಸ್ಟರ್ ಪುಕ್ಕಟೆಯಾಗಿ ಆಗಲೇ ನಿಮ್ಮದಾಗಿದೆ. ಯಾವುದೋ ಸೇಲ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದುಕೊಂಡು ಮರೆತುಬಿಟ್ಟವರು ಬಹಳ ಜನ ಇರುತ್ತಾರೆ. ಅಂಥವರು ಎರಡನೇ ಸಲ ಖರ್ಚು ಮಾಡಬೇಕಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕ್ವೇಕ್ 2 ಬಂದದ್ದು 1997ರ ಡಿಸೆಂಬರ್‌ನಲ್ಲಿ. ಮಾಡಿದ್ದು ಅಮೆರಿಕದ ಟೆಕ್ಸಾಸ್‌ನ ಇಡ್ ಸಾಫ್ಟ್‌ವೇರ್, ಡೂಮ್ ಮಾಡಿದ ಅದೇ ತಂಡ. ನೀವು ಬಿಟರ್‌ಮನ್ ಎಂಬ ಸೈನಿಕ. ಸ್ಟ್ರೋಗಾಸ್ ಎಂಬ ಗ್ರಹಕ್ಕೆ ದಾಳಿ ಮಾಡಲು ಬಂದ ಪಡೆಯಲ್ಲಿ ನಿಮ್ಮ ವಾಹನ ದಾರಿ ತಪ್ಪಿ ಬೀಳುತ್ತದೆ, ಉಳಿದದ್ದೆಲ್ಲ ನೀವೊಬ್ಬರೇ ಮಾಡಬೇಕು. ಕಥೆ ಅಂದರೆ ಇಷ್ಟೇ. ರಿಮಾಸ್ಟರ್ ಬಂದದ್ದು 2023ರ ಆಗಸ್ಟ್ 10ರಂದು. ಕ್ವೇಕ್‌ಕಾನ್ ಸಮ್ಮೇಳನದಲ್ಲಿ ಘೋಷಿಸಿ ಅದೇ ದಿನ ಬಿಡುಗಡೆ ಮಾಡಿದರು. ಹಳೆಯ ಆಟಗಳಿಗೆ ಮತ್ತೆ ಜೀವ ಕೊಡುವುದನ್ನೇ ಕಸುಬು ಮಾಡಿಕೊಂಡ ನೈಟ್‌ಡೈವ್ ಸ್ಟುಡಿಯೋಸ್ ಇದರ ಕೆಲಸ ಮಾಡಿದೆ. ಬೆಲೆ 9.99 ಡಾಲರ್. ಈಗಿನ ದೊಡ್ಡ ಆಟಗಳ ಬೆಲೆಯ ಮುಂದೆ ಇದು ಏನೂ ಅಲ್ಲ, ಸೇಲ್ ಬಂದಾಗ ಇನ್ನೂ ಇಳಿಯುತ್ತದೆ.

ರಿಮಾಸ್ಟರ್ ಅಂದರೆ ಸಾಮಾನ್ಯವಾಗಿ ಏನು ಮಾಡುತ್ತಾರೆ ಹೇಳಿ? ಚಿತ್ರ ಸ್ಪಷ್ಟ ಮಾಡುತ್ತಾರೆ, ಅಗಲ ಸ್ಕ್ರೀನಿಗೆ ಹೊಂದಿಸುತ್ತಾರೆ, ಹೊಸ ಬೆಲೆ ಹಾಕುತ್ತಾರೆ. ಇಲ್ಲೂ 4ಕೆ ಇದೆ, ಅಗಲ ಸ್ಕ್ರೀನ್ ಇದೆ. ಅಷ್ಟೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಈ ಆಟವನ್ನು ನಾನು ಇನ್ನೂ ಅಳಿಸದೆ ಇಟ್ಟುಕೊಂಡಿರುವುದಕ್ಕೆ ಕಾರಣ ಬೇರೆ. ಇವರು ಶತ್ರುಗಳ ನಡವಳಿಕೆಗೇ ಕೈ ಹಾಕಿದ್ದಾರೆ. 1997ರಲ್ಲಿ ಮಾಡಬೇಕೆಂದುಕೊಂಡು ಕೈಬಿಟ್ಟದ್ದನ್ನು ಹುಡುಕಿ ತಂದು ಪೂರ್ತಿ ಮಾಡಿದ್ದಾರೆ.

ಬರ್ಸರ್ಕರ್‌ನನ್ನೇ ನೋಡಿ. ಒಂದು ಕೈಯಲ್ಲಿ ಮೊನಚು ಕಬ್ಬಿಣ, ಇನ್ನೊಂದರಲ್ಲಿ ಸುತ್ತಿಗೆ ಇರುವ ದೈತ್ಯ. ಹಳೆಯ ಆಟದಲ್ಲಿ ಅವನ ಬಗ್ಗೆ ಯಾರಿಗೂ ಭಯ ಇರಲಿಲ್ಲ. ಕೈಯಲ್ಲಿ ಬಂದೂಕು ಇಲ್ಲ, ನಡೆದುಕೊಂಡು ಬರುತ್ತಾನೆ, ನೀವು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಸೂಪರ್ ಶಾಟ್‌ಗನ್‌ನಿಂದ ಹೊಡೆದರೆ ಮುಗಿಯಿತು. ಈಗ ಹಾಗಲ್ಲ. ದೂರದಲ್ಲಿ ನಿಂತವನು ಒಮ್ಮೆ ಕುಗ್ಗುತ್ತಾನೆ, ನೋಡನೋಡುತ್ತಿದ್ದಂತೆ ಗಾಳಿಯಲ್ಲಿ ಹಾರಿ ನಿಮ್ಮ ಪಕ್ಕದಲ್ಲೇ ನೆಲಕ್ಕೆ ಸುತ್ತಿಗೆ ಬಡಿಯುತ್ತಾನೆ. ನೇರವಾಗಿ ತಾಗದಿದ್ದರೂ ಆ ಹೊಡೆತದ ಅಲೆ ನಿಮ್ಮನ್ನು ಎತ್ತಿ ಎಸೆಯುತ್ತದೆ. ಆ ಕುಗ್ಗುವ ಕ್ಷಣ ಇದೆಯಲ್ಲ, ಅದನ್ನು ಗುರುತಿಸಲು ಕಲಿತರೆ ಪಕ್ಕಕ್ಕೆ ಸರಿದು ಅವನು ಇಳಿಯುವಾಗ ಹೊಡೆಯಬಹುದು. ಕಲಿಯದಿದ್ದರೆ ಇಕ್ಕಟ್ಟಾದ ಓಣಿಯಲ್ಲಿ ಒಬ್ಬನೇ ಬರ್ಸರ್ಕರ್ ನಿಮ್ಮ ಅರ್ಧ ಜೀವ ತೆಗೆಯುತ್ತಾನೆ. ಈ ಹಾರುವ ದಾಳಿ ಹೊಸದಾಗಿ ಕಲ್ಪಿಸಿದ್ದಲ್ಲ, ಮೂಲ ತಂಡವೇ ಯೋಚಿಸಿ ಕೈಬಿಟ್ಟಿದ್ದದ್ದು. ಒಂದೇ ಒಂದು ಚಲನೆ ವಾಪಸ್ ಬಂದದ್ದಕ್ಕೆ ಇಡೀ ಕೋಣೆಯ ಲೆಕ್ಕಾಚಾರ ಬದಲಾಗಿದೆ.

ಹಳೆಯ ಆಟದ ಒಳ್ಳೆಯ ಗುಣಗಳನ್ನು ಮಾತ್ರ ಮುಟ್ಟಿಲ್ಲ. ಸಾಮಾನ್ಯ ಸೈನಿಕ ಗುಂಡು ತಿಂದು ಮಂಡಿಯೂರಿದ ಮೇಲೂ ಸಾಯುವ ಮುಂಚೆ ಬಂದೂಕು ಎತ್ತಿ ಇನ್ನೊಂದು ಸುತ್ತು ಹಾರಿಸುತ್ತಾನೆ. ಸತ್ತ ಅಂತ ತಿರುಗಿದವರಿಗೆ ಬೆನ್ನಿಗೆ ಬೀಳುತ್ತದೆ. ಮೆಡಿಕ್ ಎಂಬ ಶತ್ರು ಈಗಲೂ ಬಿದ್ದ ಹೆಣಗಳ ಹತ್ತಿರ ಹೋಗಿ ಅವುಗಳನ್ನು ಎಬ್ಬಿಸಿ ನಿಲ್ಲಿಸುತ್ತದೆ. ಅದಕ್ಕೇ ಅದು ಬರುವ ಮುಂಚೆ ಹೆಣವನ್ನೇ ಚೂರು ಮಾಡಬೇಕು, ಇಲ್ಲವೇ ಮೊದಲು ಮೆಡಿಕ್‌ನನ್ನೇ ಮುಗಿಸಬೇಕು. ಇವತ್ತಿನ ಎಷ್ಟೋ ಶೂಟರ್‌ಗಳಲ್ಲಿ ಶತ್ರುಗಳು ಒಂದೇ ಅಚ್ಚಿನವರು. ಇಲ್ಲಿ ಒಬ್ಬೊಬ್ಬನಿಗೂ ಬೇರೆ ಆಯುಧ, ಬೇರೆ ಉಪಾಯ ಬೇಕು.

ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಮೂಲ ಆಟ ತನ್ನ ಒಳಗಿನ ಲೆಕ್ಕವನ್ನು, ಅಂದರೆ ಯಾರು ಎಲ್ಲಿದ್ದಾರೆ, ಯಾವ ಗುಂಡು ಯಾರಿಗೆ ತಾಗಿತು ಎಂಬುದನ್ನು, ಸೆಕೆಂಡಿಗೆ 10 ಸಲ ಮಾತ್ರ ಮಾಡುತ್ತಿತ್ತು. ಆ ಕಾಲದ ಪ್ರೊಸೆಸರ್, ಆ ಕಾಲದ ಡಯಲ್-ಅಪ್ ಇಂಟರ್ನೆಟ್ಟಿಗೆ ಅಷ್ಟೇ ಸಾಕಾಗಿತ್ತು. ರಿಮಾಸ್ಟರ್‌ನಲ್ಲಿ ಅದು 40 ಸಲ ಆಗುತ್ತದೆ. ಗುಂಡಿ ಒತ್ತಿದಾಕ್ಷಣ ಗುಂಡು ಹೊರಡುತ್ತದೆ. ಆಯುಧ ಬದಲಾಯಿಸುವುದೂ ಈಗ ಬೇಗ. ಹಳೆಯದರಲ್ಲಿ ರಾಕೆಟ್ ಲಾಂಚರ್‌ನಿಂದ ಶಾಟ್‌ಗನ್ನಿಗೆ ಬರುವಷ್ಟರಲ್ಲಿ ಶತ್ರು ಮೈಮೇಲೆ ಬಂದಿರುತ್ತಿದ್ದ. ಮೂಲ ಆವೃತ್ತಿಯನ್ನೂ ಜೊತೆಗೇ ಕೊಡುತ್ತಾರೆ, ಒಂದರ ಹಿಂದೆ ಒಂದು ಆಡಿ ನೋಡಿ. ಐದು ನಿಮಿಷದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ನೋಟದ ವಿಷಯದಲ್ಲಿ ಇವರು ತೋರಿದ ಸಂಯಮ ನನಗೆ ಬಹಳ ಹಿಡಿಸಿತು. ಸೈನಿಕರ, ಆಯುಧಗಳ ಮಾದರಿಗಳನ್ನು ನಯ ಮಾಡಿದ್ದಾರೆ, ನೆರಳು ಬೆಳಕು ಹೊಸದು. ಗೋಡೆಗಳ ತುಕ್ಕು ಬಣ್ಣ, ಒರಟು ಚಿತ್ತಾರ ಹಾಗೇ ಉಳಿದಿವೆ. ಬ್ಲಾಸ್ಟರ್‌ನ ಗುಂಡು ಕತ್ತಲೆ ಸುರಂಗದಲ್ಲಿ ಹೋಗುವಾಗ ಹಳದಿ ಬೆಳಕು ಗೋಡೆಯ ಮೇಲೆ ಓಡುವುದನ್ನು ನೋಡಲು ನಾನು ಈಗಲೂ ಸುಮ್ನೆ ಒಂದೆರಡು ಗುಂಡು ಹಾರಿಸುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಮಾಡುವ ಎನ್ವಿಡಿಯಾ 2019ರಲ್ಲಿ ರೇ ಟ್ರೇಸಿಂಗ್, ಅಂದರೆ ಬೆಳಕಿನ ಕಿರಣಗಳನ್ನೇ ಲೆಕ್ಕ ಹಾಕಿ ಚಿತ್ರ ಬಿಡಿಸುವ ವಿಧಾನ, ಹಾಕಿದ ಕ್ವೇಕ್ 2 ಆರ್‌ಟಿಎಕ್ಸ್ ತಂದಿತ್ತು. ಬೆಳಕಿನ ಸೊಬಗಿನಲ್ಲಿ ಅದೇ ಮುಂದೆ, ಆದರೆ ಅದಕ್ಕೆ ತಕ್ಕ ಕಾರ್ಡ್ ಬೇಕು. ರಿಮಾಸ್ಟರ್ ನನ್ನ ಬಳಿ ಇರುವ ಹಳೆಯ ಲ್ಯಾಪ್‌ಟಾಪ್‌ನಲ್ಲೂ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ತೊಡಕಿಲ್ಲದೆ ಓಡುತ್ತದೆ. ಆಫೀಸ್ ಕೆಲಸಕ್ಕೆ ಅಂತ ಲ್ಯಾಪ್‌ಟಾಪ್ ಕೊಂಡವರು ಧೈರ್ಯವಾಗಿ ತೆಗೆದುಕೊಳ್ಳಬಹುದು.

ಸಂಗೀತದ ಬಗ್ಗೆ ಒಂದು ಮಾತು. ಸಾನಿಕ್ ಮೇಹೆಮ್‌ನ ಆ ಭಾರೀ ಗಿಟಾರ್ ಹಾಡುಗಳು ಮೂಲದಲ್ಲಿ ಸಿಡಿಯ ಆಡಿಯೋ ಟ್ರ್ಯಾಕ್‌ಗಳಾಗಿದ್ದವು. ಸಿಡಿ ಡ್ರೈವ್‌ನಲ್ಲಿ ಇಲ್ಲ ಅಂದರೆ ಆಟ ಮೂಕ. ನಮ್ಮಲ್ಲಿ ಕಾಪಿ ಮಾಡಿದ ಫೋಲ್ಡರ್‌ನಿಂದ ಆಡಿದ ಎಷ್ಟೋ ಜನಕ್ಕೆ ಈ ಆಟಕ್ಕೆ ಸಂಗೀತ ಇದೆ ಅನ್ನುವುದೇ ಗೊತ್ತಿರಲಿಲ್ಲ. ಅಂಥವರು ಈಗ ಹೆಡ್‌ಫೋನ್ ಹಾಕಿಕೊಂಡು ಮೊದಲ ಲೆವೆಲ್ ಆಡಿ, ಬೇರೆಯದೇ ಆಟ ಅನಿಸುತ್ತದೆ.

ಈಗ ಕಂಪಾಸ್, ಅಂದರೆ ದಾರಿ ತೋರಿಸುವ ಸೌಲಭ್ಯ. ಕ್ವೇಕ್ 2ರ ಲೆವೆಲ್‌ಗಳು ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹೋಗುವುದಿಲ್ಲ. ಮೂರು ನಾಲ್ಕು ಲೆವೆಲ್ ಸೇರಿ ಒಂದು ಘಟಕ. ಇಲ್ಲಿ ಸ್ವಿಚ್ ಒತ್ತಿದರೆ ಅಲ್ಲಿ ಬಾಗಿಲು ತೆರೆಯುತ್ತದೆ, ಮತ್ತೆ ಹಿಂದಕ್ಕೆ ಬರಬೇಕು. ಜೈಲಿನ ಭಾಗ ನೆನಪಿದೆಯಾ? ಡಿಟೆನ್ಷನ್ ಸೆಂಟರ್, ಟಾರ್ಚರ್ ಚೇಂಬರ್ಸ್, ಸೆಕ್ಯೂರಿಟಿ ಕಾಂಪ್ಲೆಕ್ಸ್ ಮಧ್ಯೆ ಓಡಾಡಿ ಓಡಾಡಿ ದಾರಿ ತಿಳಿಯದೆ ಆಟ ಬಿಟ್ಟವರು ಎಷ್ಟೋ ಜನ. ರಿಮಾಸ್ಟರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಮುಂದಿನ ಗುರಿಯ ಕಡೆಗೆ ನೆಲದ ಮೇಲೆ ದಾರಿ ಮೂಡುತ್ತದೆ, ಸ್ವಲ್ಪ ಹೊತ್ತಿಗೆ ಮಾಯವಾಗುತ್ತದೆ. ಬೇಡದವರು ಒತ್ತದಿದ್ದರಾಯಿತು. ಹಗಲೆಲ್ಲ ಕೆಲಸ ಮಾಡಿ ರಾತ್ರಿ ಅರ್ಧ ಗಂಟೆ ಆಡಲು ಕೂರುವ ನನ್ನಂಥವರಿಗೆ ಇದು ದೊಡ್ಡ ಉಪಕಾರ. ನಾಲ್ಕು ದಿನ ಬಿಟ್ಟು ಬಂದು ಸೇವ್ ತೆರೆದರೂ ಎಲ್ಲಿದ್ದೆ, ಏನು ಮಾಡಬೇಕಿತ್ತು ಅಂತ ತಲೆ ಕೆರೆದುಕೊಳ್ಳಬೇಕಿಲ್ಲ.

ಒಂದೇ ಬೆಲೆಗೆ ಎಷ್ಟು ಸಿಗುತ್ತದೆ ಅನ್ನುವುದು ಮುಂದಿನ ವಿಷಯ. ಮೂಲ ಆಟದ ಜೊತೆ 1998ರ ಎರಡು ವಿಸ್ತರಣೆಗಳು, ದಿ ರೆಕನಿಂಗ್ ಮತ್ತು ಗ್ರೌಂಡ್ ಝೀರೋ ಇವೆ. 1999ರಲ್ಲಿ ನಿಂಟೆಂಡೊ 64ಕ್ಕೆ ಬಂದಿದ್ದ ಆವೃತ್ತಿಯೂ ಇದೆ. ಅದು ಬರೀ ನಕಲು ಅಲ್ಲ, ಲೆವೆಲ್‌ಗಳೇ ಬೇರೆ, ಚಿಕ್ಕವು, ಬಣ್ಣದ ಬೆಳಕಿನವು. ಬೇಗ ಮುಗಿಯುತ್ತದೆ, ಬೇಸರ ಆಗುವುದಿಲ್ಲ. ಎರಡು ವಿಸ್ತರಣೆಗಳಲ್ಲಿ ರೆಕನಿಂಗ್ ಪರವಾಗಿಲ್ಲ. ಗ್ರೌಂಡ್ ಝೀರೋ ಮಾತ್ರ ನನಗೆ ಒಗ್ಗಲೇ ಇಲ್ಲ. ಗೋಡೆಯಿಂದ, ಚಾವಣಿಯಿಂದ ಹೊರಬರುವ ಟರೆಟ್‌ಗಳು, ಅಂದರೆ ತಾವೇ ಗುಂಡು ಹಾರಿಸುವ ಬಂದೂಕುಗಳು ಜಾಸ್ತಿ. ಮೂಲೆ ತಿರುಗುವ ಮುಂಚೆಯೇ ಗುಂಡು ಬಿದ್ದಿರುತ್ತದೆ, ಎಲ್ಲಿಂದ ಅಂತ ನೋಡುವಷ್ಟರಲ್ಲಿ ಇನ್ನೊಂದು. ಅಲ್ಲಿ ಕೌಶಲಕ್ಕಿಂತ ನೆನಪಿನ ಶಕ್ತಿಗೇ ಕೆಲಸ.

ಇಡೀ ಗಂಟಿನಲ್ಲಿ ನನ್ನ ಮಟ್ಟಿಗೆ ಮುಖ್ಯವಾದದ್ದು ಕಾಲ್ ಆಫ್ ದಿ ಮೆಷೀನ್. ಸ್ವೀಡನ್‌ನ ಮೆಷೀನ್‌ಗೇಮ್ಸ್ ತಂಡ ರಿಮಾಸ್ಟರ್‌ಗಾಗಿಯೇ ಮಾಡಿದ ಹೊಸ ವಿಸ್ತರಣೆ, 28 ಲೆವೆಲ್‌ಗಳು. ಒಂದು ಕೇಂದ್ರದಿಂದ ಹೊರಟು ಬೇರೆ ಬೇರೆ ಕಾರ್ಯಾಚರಣೆಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ಆಡಬಹುದು. 1997ರಲ್ಲಿ ಕಂಪ್ಯೂಟರ್‌ಗೆ ಶಕ್ತಿ ಇಲ್ಲದ ಕಾರಣ ಒಂದು ಕೋಣೆಯಲ್ಲಿ ಮೂರು ನಾಲ್ಕು ಶತ್ರುಗಳನ್ನಷ್ಟೇ ಇಡುತ್ತಿದ್ದರು. ಇಲ್ಲಿ ಅಂಗಳದಷ್ಟು ದೊಡ್ಡ ಜಾಗ, ಮೇಲೆ ಕೆಳಗೆ ಎಲ್ಲ ಕಡೆಯಿಂದ ಬರುವ ಪಡೆ. ಮೇಲಿನ ಅಟ್ಟಣೆಯಲ್ಲಿ ರೈಲ್‌ಗನ್ ಹಿಡಿದ ಗ್ಲ್ಯಾಡಿಯೇಟರ್, ಕೆಳಗೆ ಬರ್ಸರ್ಕರ್‌ಗಳ ಗುಂಪು. ಮೇಲೆ ನೋಡಿದರೆ ಕೆಳಗಿನವನು ಹಾರುತ್ತಾನೆ, ಕೆಳಗೆ ನೋಡಿದರೆ ಮೇಲಿನವನ ಗುಂಡು ತಪ್ಪುವುದಿಲ್ಲ. ಕಂಬದಿಂದ ಕಂಬಕ್ಕೆ ಓಡುತ್ತಾ, ಕೂಡಿಟ್ಟ ಕ್ವಾಡ್ ಡ್ಯಾಮೇಜ್ (ಸ್ವಲ್ಪ ಹೊತ್ತು ಹೊಡೆತದ ಬಲವನ್ನು ನಾಲ್ಕು ಪಟ್ಟು ಮಾಡುವ ವಸ್ತು) ಯಾವಾಗ ಬಳಸಲಿ ಅಂತ ಯೋಚಿಸುತ್ತಾ ಆಡುವ ಆ ಹತ್ತು ನಿಮಿಷಕ್ಕೇ ಈ ಆಟದ ಬೆಲೆ ಕೊಡಬಹುದು. ಮೊದಲ ಕ್ವೇಕ್‌ನ ಲೋಕಕ್ಕೂ ಇದನ್ನು ತಂದು ಜೋಡಿಸಿದ್ದಾರೆ, ಅದು ಹೇಗೆ ಅಂತ ನೀವೇ ನೋಡಿ.

ಒಬ್ಬರೇ ಆಡುವುದಕ್ಕಿಂತ ಇಬ್ಬರು ಸೇರಿ ಆಡಿದರೆ ಇದರ ರುಚಿ ಜಾಸ್ತಿ. ಕಾಲೇಜಿಗೆ ಹೋಗುವ ನನ್ನ ಅಣ್ಣನ ಮಗ ರಜೆಗೆ ಬಂದಾಗಲೆಲ್ಲ ಟಿವಿಗೆ ಜೋಡಿಸಿ, ಸ್ಕ್ರೀನ್ ಎರಡು ಭಾಗ ಮಾಡಿ ಕೂರುತ್ತೇವೆ. "ಚಿಕ್ಕಪ್ಪಾ, ನೀವು ಮೆಡಿಕ್ ನೋಡ್ಕೊಳಿ, ಟ್ಯಾಂಕ್ ನನಗೆ ಬಿಡಿ" ಅಂತ ಅವನು, "ರಾಕೆಟ್ ಹೊಡೀಬೇಡ್ವೋ, ನಾನು ಮುಂದೆ ಇದ್ದೀನಿ" ಅಂತ ನಾನು. ಹಳೆಯ ಕೋ-ಆಪ್‌ನಲ್ಲಿ, ಅಂದರೆ ಜೊತೆಯಾಗಿ ಆಡುವ ಬಗೆಯಲ್ಲಿ, ಎರಡು ಕಿರಿಕಿರಿ ಇದ್ದವು. ಮುಂದೆ ಓಡಿದವನು ಆಯುಧ, ಮದ್ದು ಎಲ್ಲ ಎತ್ತಿಕೊಂಡುಬಿಡುತ್ತಿದ್ದ. ಸತ್ತವನು ಲೆವೆಲ್ ಶುರುವಿನಿಂದ ನಡೆದು ಬರಬೇಕಿತ್ತು. ಈಗ ಪ್ರತಿಯೊಬ್ಬರಿಗೂ ಅವರವರ ಪಾಲಿನ ವಸ್ತು ಬೇರೆಯೇ ಸಿಗುತ್ತದೆ, ಸತ್ತವನು ಬದುಕಿರುವವನ ಹತ್ತಿರವೇ ಮತ್ತೆ ಹುಟ್ಟುತ್ತಾನೆ. ಜೊತೆಯಲ್ಲಿ ಆಡುವವರ ಕಷ್ಟ ಗೊತ್ತಿದ್ದವರೇ ಇದನ್ನು ಯೋಚಿಸಿರಬೇಕು.

ಆನ್‌ಲೈನ್ ಡೆತ್‌ಮ್ಯಾಚ್‌ಗಾಗಿಯೇ, ಅಂದರೆ ಆಟಗಾರರು ಒಬ್ಬರನ್ನೊಬ್ಬರು ಹೊಡೆಯುವ ಆಟಕ್ಕಾಗಿಯೇ ಕೊಳ್ಳುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಪಿಸಿ, ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್, ಸ್ವಿಚ್ ಎಲ್ಲದರವರೂ ಒಟ್ಟಿಗೆ ಆಡಬಹುದು ನಿಜ, ಆದರೂ ನಮ್ಮ ಸಂಜೆ ಹೊತ್ತಿಗೆ ಅಪರಿಚಿತರ ಮ್ಯಾಚ್ ಸಿಗುವುದು ನನ್ನ ಅನುಭವದಲ್ಲಿ ಅಪರೂಪ. ಸಿಕ್ಕರೂ ದೂರದ ದೇಶದವರು, ಪಿಂಗ್, ಅಂದರೆ ಸಂಪರ್ಕದ ವಿಳಂಬ, ಜಾಸ್ತಿ. ನಾಲ್ಕು ಜನ ಗೆಳೆಯರನ್ನು ಕೂಡಿಸಿಕೊಂಡರೆ ಮಾತ್ರ ಮಜಾ. ಜನ ಕಡಿಮೆ ಇದ್ದರೆ ಬಾಟ್‌ಗಳನ್ನು, ಅಂದರೆ ಕಂಪ್ಯೂಟರ್ ಆಡಿಸುವ ಆಟಗಾರರನ್ನು, ಸೇರಿಸಬಹುದು, ಅವು ಸಾಕಷ್ಟು ಚುರುಕಾಗಿವೆ.

ಕೊರತೆಗಳೂ ಇವೆ. ಅರಮನೆಯ ಭಾಗ ಬರುವ ಹೊತ್ತಿಗೆ ಕಂದು, ಕಿತ್ತಳೆ ಬಣ್ಣ ನೋಡಿ ನೋಡಿ ಕಣ್ಣು ಸೋಲುತ್ತದೆ. ಕೊನೆಯ ಶತ್ರು ಮಕ್ರಾನ್ ಅಷ್ಟು ದೊಡ್ಡ ಆಟದ ಮುಕ್ತಾಯಕ್ಕೆ ತಕ್ಕವನಲ್ಲ, ಬಿಎಫ್‌ಜಿ ಎಂಬ ಭಾರೀ ಬಂದೂಕಿಗೆ ಮದ್ದು ಉಳಿಸಿಕೊಂಡಿದ್ದರೆ ಬೇಗ ಮುಗಿಯುತ್ತಾನೆ. ಕಥೆ, ಪಾತ್ರ, ಮಾತುಕತೆ ಬಯಸುವವರಿಗೆ ಇಲ್ಲಿ ಏನೂ ಇಲ್ಲ, ಅವರು ಕೊಳ್ಳದಿರುವುದೇ ಒಳ್ಳೆಯದು.

ಮನೆಯಲ್ಲಿ ಮಕ್ಕಳಿದ್ದರೆ ಒಂದು ಎಚ್ಚರಿಕೆ. ಚಿತ್ರ ಹಳೆಯದು ಅಂತ ಮಕ್ಕಳ ಆಟ ಅಂದುಕೊಳ್ಳಬೇಡಿ. ಜೈಲಿನ ಭಾಗದಲ್ಲಿ ಸೆರೆಸಿಕ್ಕ ಸೈನಿಕರು ಮತಿಗೆಟ್ಟು ನರಳುತ್ತಾ ಕೊಂದುಬಿಡಿ ಅಂತ ಬೇಡುತ್ತಾರೆ, ಯಂತ್ರಗಳು ಮನುಷ್ಯರ ದೇಹವನ್ನು ಅರೆಯುತ್ತವೆ. ರಿಮಾಸ್ಟರ್‌ನಲ್ಲಿ ರಕ್ತ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಪುಟ್ಟ ಮಕ್ಕಳು ಪಕ್ಕದಲ್ಲಿ ಕೂತಿರುವಾಗ ನಾನು ಇದನ್ನು ಹಾಕುವುದಿಲ್ಲ.

ಕೊಂಡ ಮೇಲೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ. ಚಿತ್ರದ ಕೆಲ ಭಾಗವನ್ನು ಮಸುಕು ಮಾಡುವ ಡೆಪ್ತ್ ಆಫ್ ಫೀಲ್ಡ್ ಆಫ್ ಮಾಡಿ, ಕಣ್ಣಿಗೆ ಕಾಣುವ ಅಗಲವಾದ ಫೀಲ್ಡ್ ಆಫ್ ವ್ಯೂ 100ರ ಆಸುಪಾಸಿಗೆ ಏರಿಸಿ. ತಲೆ ಸುತ್ತುವವರು ನಡೆಯುವಾಗಿನ ಅಲುಗಾಟವನ್ನು ತಗ್ಗಿಸಿಕೊಳ್ಳಿ. ಮೊದಲ ಸಲ ಆಡುವವರು ಮೂಲ ಆಟವನ್ನು ಮೀಡಿಯಂನಲ್ಲಿ ಮುಗಿಸಿ. ಹಳಬರು ಹಾರ್ಡ್‌ನಿಂದಲೇ ಶುರು ಮಾಡಬಹುದು, ಹೊಸ ಬರ್ಸರ್ಕರ್‌ನ ಬೆಲೆ ಗೊತ್ತಾಗುವುದು ಅಲ್ಲೇ. ಆಮೇಲೆ ನೇರವಾಗಿ ಕಾಲ್ ಆಫ್ ದಿ ಮೆಷೀನ್‌ಗೆ ಹೋಗಿ, ನಂತರ ನಿಂಟೆಂಡೊ 64ರದ್ದು, ಆಮೇಲೆ ರೆಕನಿಂಗ್. ಇಷ್ಟಾದ ಮೇಲೂ ಆಸೆ ಉಳಿದಿದ್ದರೆ ಗ್ರೌಂಡ್ ಝೀರೋ ಆಡಿ, ಆ ಟರೆಟ್‌ಗಳಿಗೆ ಗ್ರೆನೇಡ್ ಉಳಿಸಿಕೊಳ್ಳಿ.